ಅಂಚಿನಲ್ಲಿ ನಿಂತವರು

ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಹಪ್ಪಳ ಒಣಹಾಕಿದ ಗೃಹಿಣಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಹರಡುವಾಗ ಮಟ್ಟಸವಾಗಿದ್ದ ಹಪ್ಪಳ, ಮೇಲ್ಮೈ ಮೊದಲು ಒಣಗಿ ಬಿಗಿದುಕೊಂಡೊಡನೆ ಅಂಚೆದ್ದು ಬಟ್ಟಲಿನಂತೆ ಬಾಗುತ್ತದೆ. ಅಟ್ಟದ ಪೆಟ್ಟಿಗೆಯಲ್ಲಿ ಹತ್ತಾರು ವರ್ಷ ಮಲಗಿರುವ ಬಣ್ಣದ ಸ್ಲೈಡುಗಳಿಗೂ ಇದೇ ಗತಿ ಒದಗಿರುತ್ತದೆ ಎಂಬುದು ಮಾತ್ರ ಬಹು ಜನರಿಗೆ ತಿಳಿಯದು.

ಸ್ಲೈಡು ಎಂದರೆ ಎರಡಂಗುಲ ಚೌಕದ ರಟ್ಟಿನ ಅಥವಾ ಪ್ಲಾಸ್ಟಿಕ್ಕಿನ ಚೌಕಟ್ಟು; ಅದರ ನಡುವೆ 24 ಮಿಲಿಮೀಟರ್ ಅಗಲ, 36 ಮಿಲಿಮೀಟರ್ ಉದ್ದದ ಒಂದು ಫಿಲ್ಮಿನ ತುಂಡು. 1936ರಲ್ಲಿ 35 ಮಿಲಿಮೀಟರ್ ಕ್ಯಾಮರಾಗಳಿಗೆ ಬಂದ ಕೊಡಾಕ್ರೋಮ್ ಫಿಲ್ಮು ಈ ಸ್ಲೈಡುಗಳನ್ನು ಲೋಕಪ್ರಿಯಗೊಳಿಸಿತು. ಅದನ್ನು ಕಂಡುಹಿಡಿದ ಲಿಯೊಪೋಲ್ಡ್ ಮ್ಯಾನೆಸ್ ಮತ್ತು ಲಿಯೊಪೋಲ್ಡ್ ಗೊಡೌಸ್ಕಿ ಇಬ್ಬರೂ ವೃತ್ತಿಯಿಂದ ಸಂಗೀತಗಾರರೆಂಬುದು ಸೋಜಿಗದ ಮಾತು. ಸಂಜೆ ದೀಪವಾರಿಸಿ, ಗೋಡೆಗೆ ಬಿಳಿಯ ಪಂಚೆ ಕಟ್ಟಿ, ನೆಂಟರಿಷ್ಟರೆಲ್ಲ ಜಮಖಾನೆಯ ಮೇಲೆ ಕುಳಿತು ಪ್ರೊಜೆಕ್ಟರಿನ ಚಿತ್ರಗಳನ್ನು ನೋಡಿದ ನೆನಪು ಅನೇಕ ಮನೆಗಳಲ್ಲಿದೆ.

ಆ ಕಾಲ ಕಳೆಯಿತು. ಕೊಡಾಕ್ರೋಮಿನ ತಯಾರಿಕೆ ನಿಲ್ಲುವುದೆಂದು 2009ರಲ್ಲಿ ಪ್ರಕಟವಾಯಿತು. ಕಾರ್ಖಾನೆಯಿಂದ ಹೊರಬಿದ್ದ ಕೊನೆಯ ಸುರುಳಿಯನ್ನು ಪಡೆದ ಛಾಯಾಗ್ರಾಹಕ ಸ್ಟೀವ್ ಮಕರಿ, ಅದರ ಕೆಲವು ಚಿತ್ರಗಳನ್ನು ಭಾರತದಲ್ಲಿಯೇ ತೆಗೆದರು. ಅದನ್ನು ಸಂಸ್ಕರಿಸುತ್ತಿದ್ದ ಕಡೆಯ ಪ್ರಯೋಗಶಾಲೆ, ಅಮೆರಿಕದ ಕ್ಯಾನ್ಸಸ್ ರಾಜ್ಯದ ಪಾರ್ಸನ್ಸ್ ಊರಿನದು. 2010ರ ಡಿಸೆಂಬರ್ ಅಂತ್ಯಕ್ಕೆ ಅದೂ ಹೊಸ ಸುರುಳಿಗಳನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಈಗ ಉಳಿದಿರುವುದು ಇದ್ದ ಸ್ಲೈಡುಗಳನ್ನು ಸ್ಕ್ಯಾನರಿನ ಮೂಲಕ ಕಂಪ್ಯೂಟರಿಗೆ ಇಳಿಸಿಕೊಳ್ಳುವ ಕೆಲಸ.

ಮಸುಕು ಎಲ್ಲಿಂದ ಬಂತು?

ಮದುವೆಯ ಗುಂಪುಚಿತ್ರವೊಂದನ್ನು ಸ್ಕ್ಯಾನ್ ಮಾಡಿದರೆನ್ನಿ. ನಡುವೆ ಕುಳಿತ ವಧೂವರರ ಬಾಸಿಂಗದ ಎಳೆಯೂ ಎಣಿಸುವಷ್ಟು ಸ್ಪಷ್ಟ. ಆದರೆ ಎರಡು ಅಂಚುಗಳಲ್ಲಿ ನಿಂತವರ ಮುಖ ಮಂಜು ಕವಿದಂತೆ ಕಾಣುತ್ತದೆ. ತೆಗೆದವರ ಕೈ ನಡುಗಿತೆಂದು ಮನೆಯವರು ಹೇಳಬಹುದು. ಕೈ ನಡುಗಿದ್ದರೆ ಇಡೀ ಚಿತ್ರವೇ ಅಲುಗಬೇಕಿತ್ತು. ಇಲ್ಲಿ ದೋಷವಿರುವುದು ಬಾಗಿದ ಫಿಲ್ಮಿನಲ್ಲಿ.

ಫಿಲ್ಮಿನ ಒಂದು ಮೈ ಪ್ಲಾಸ್ಟಿಕ್ಕಿನಂಥ ಪಾರದರ್ಶಕ ಹಾಳೆ. ಇನ್ನೊಂದು ಮೈ ಬಣ್ಣಗಳನ್ನು ಹೊತ್ತ ಜಿಲೆಟಿನ್ನಿನ ಪದರ. ಜಿಲೆಟಿನ್ ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಕೆಳಗಿನ ಹಾಳೆ ಅಷ್ಟೇ ಪ್ರಮಾಣದಲ್ಲಿ ಹಿಗ್ಗಿ ಕುಗ್ಗದು. ಈ ಎಳೆದಾಟದಲ್ಲಿ ಫಿಲ್ಮು ನಡುವೆ ಉಬ್ಬಿಕೊಳ್ಳುತ್ತದೆ. ಪ್ರೊಜೆಕ್ಟರಿನ ದೀಪದ ಕಾವಿಗೆ ಗೋಡೆಯ ಮೇಲಿನ ಚಿತ್ರ ಥಟ್ಟನೆ ಮಸುಕಾಗಿ, ಮತ್ತೆ ಮಸೂರವನ್ನು ತಿರುಗಿಸಬೇಕಾಗುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಅದೂ ಫಿಲ್ಮಿನ ಬಾಗುವಿಕೆಯ ಫಲವೇ.

ಉಬ್ಬು ಮಿಲಿಮೀಟರಿನ ಒಂದು ಸಣ್ಣ ಅಂಶವಷ್ಟೆ. ಬರಿಗಣ್ಣಿಗೆ ಅದು ಲೆಕ್ಕಕ್ಕಿಲ್ಲ. ಆದರೆ ಒಳ್ಳೆಯ ಫಿಲ್ಮು ಸ್ಕ್ಯಾನರು ಅಂಗುಲಕ್ಕೆ 4000 ಬಿಂದುಗಳಂತೆ ಚಿತ್ರವನ್ನು ಓದುತ್ತದೆ. ಆ ಲೆಕ್ಕದಲ್ಲಿ ಒಂದು ಸ್ಲೈಡಿನಿಂದ ಸುಮಾರು 2 ಕೋಟಿ ಬಿಂದುಗಳು ದೊರೆಯುತ್ತವೆ. ಇಷ್ಟು ಸೂಕ್ಷ್ಮವಾಗಿ ನೋಡುವ ಮಸೂರಕ್ಕೆ ಸ್ಪಷ್ಟವಾಗಿ ಕಾಣುವ ಆಳ ಬಹು ಕಡಿಮೆ. ನಡುವಿಗೆ ದೃಷ್ಟಿಯಿಟ್ಟರೆ ಅಂಚು ಮಸುಕು. ಅಂಚಿಗೆ ಇಟ್ಟರೆ ನಡು ಮಸುಕು.

ಗಾಜಿನ ಉಪಾಯ

ಇದಕ್ಕೆ ಮದ್ದು ಹಳೆಯದೇ. ಫಿಲ್ಮು ಬಳಕೆಗೆ ಬರುವ ಮುನ್ನ ಬಹುಕಾಲ ಚಿತ್ರಗಳು ಗಾಜಿನ ಫಲಕದ ಮೇಲೆ ಮೂಡುತ್ತಿದ್ದವು. 1907ರಲ್ಲಿ ಮಾರುಕಟ್ಟೆಗೆ ಬಂದ ಲ್ಯೂಮಿಯೇರ್ ಸೋದರರ ಬಣ್ಣದ ಚಿತ್ರಗಳೂ ಗಾಜಿನವೇ. ಗಾಜು ಬಾಗದು. ಫಿಲ್ಮನ್ನು ಅದರ ಹಳೆಯ ಚೌಕಟ್ಟಿನಿಂದ ಬಿಡಿಸಿ, ಎರಡು ತೆಳುಗಾಜುಗಳುಳ್ಳ ಚೌಕಟ್ಟಿನ ನಡುವೆ ಇಟ್ಟು ಒತ್ತಿದರೆ ಅದೂ ಮಟ್ಟಸವಾಗುತ್ತದೆ. ಆಗ ನಡುವೂ ಅಂಚೂ ಒಂದೇ ಸಮತಲದಲ್ಲಿ ನಿಲ್ಲುತ್ತವೆ.

ಆದರೆ ಒಂದು ಕಷ್ಟವನ್ನು ಕಳೆದ ಗಾಜು ಇನ್ನೊಂದನ್ನು ತಂದೊಡ್ಡುತ್ತದೆ. ನುಣುಪಾದ ಎರಡು ಮೈಗಳು ಬಹು ಸಮೀಪ ಬಂದಾಗ, ನಡುವಿನ ಗಾಳಿಯ ತೆಳುಪದರದಲ್ಲಿ ಬೆಳಕಿನ ಅಲೆಗಳು ಒಂದರೊಡನೊಂದು ಬೆರೆತು ಕಾಮನಬಿಲ್ಲಿನ ಬಣ್ಣದ ಬಳೆಗಳನ್ನು ಮೂಡಿಸುತ್ತವೆ. ಮಳೆಗಾಲದ ರಸ್ತೆಯಲ್ಲಿ ಚೆಲ್ಲಿದ ಎಣ್ಣೆಯ ಮೇಲೆ ಕಾಣುವುದೂ ಇದೇ ಬಗೆಯ ಆಟ. ರಾಬರ್ಟ್ ಹುಕ್ 1665ರಲ್ಲಿಯೇ ಇಂಥ ಬಣ್ಣಗಳನ್ನು ವರ್ಣಿಸಿದ್ದನು. ಆದರೂ ಅಳತೆ ಮಾಡಿ ವಿವರಿಸಿದ ನ್ಯೂಟನ್ನನ ಹೆಸರೇ ಈ ಉಂಗುರಗಳಿಗೆ ನಿಂತಿತು.

ಇದನ್ನು ತಡೆಯಲು ಒಂದು ಗಾಜಿನ ಮೈಯನ್ನು ಕಣ್ಣಿಗೆ ಕಾಣದಷ್ಟು ನವಿರಾಗಿ ಒರಟು ಮಾಡಿರುತ್ತಾರೆ. ಉಂಗುರಗಳು ಹೆಚ್ಚಾಗಿ ಮೂಡುವುದು ಫಿಲ್ಮಿನ ಹೊಳೆಯುವ ಮೈಯ ಕಡೆ. ಆದ್ದರಿಂದ ಒರಟುಗಾಜು ಆ ಮೈಗೆ ತಾಗುವಂತಿರಬೇಕು. ಗುರುತು ಹಿಡಿಯುವುದು ಸುಲಭ: ಬೆಳಕಿಗೆ ಓರೆಯಾಗಿ ಹಿಡಿದಾಗ ಮಂಕಾಗಿ ಕಾಣುವುದು ಬಣ್ಣದ ಮೈ, ಹೊಳೆಯುವುದು ಇನ್ನೊಂದು. ಒರಟುಗಾಜಿನಿಂದ ಚಿತ್ರದಲ್ಲಿ ಕೊಂಚ ಮರಳುಮರಳಾದ ಛಾಯೆ ಕಾಣಬಹುದು. ಮಸುಕಾದ ಮುಖಕ್ಕಿಂತ ಅದು ಮೇಲು.

ಕೈಕೆಲಸದ ಕ್ರಮ

ಚೌಕಟ್ಟನ್ನು ಬಿಚ್ಚುವ ಮುನ್ನ ಅದರ ಎರಡು ಮೈಗಳನ್ನೂ ಚಿತ್ರ ತೆಗೆದಿಟ್ಟುಕೊಳ್ಳಬೇಕು. ಅನೇಕ ರಟ್ಟಿನ ಚೌಕಟ್ಟುಗಳ ಮೇಲೆ ಸಂಸ್ಕರಣದ ತಿಂಗಳು, ವರ್ಷ ಅಚ್ಚಾಗಿರುತ್ತವೆ. ತಂದೆಯೋ ತಾತನೋ ಬರೆದ ಊರಿನ ಹೆಸರೂ ಇರುವುದುಂಟು. ಅದು ಹರಿದುಹೋದರೆ ಚಿತ್ರ ಉಳಿದೂ ಕಥೆ ಕಳೆದಂತೆ.

ಎರಡು ಗಾಜುಗಳಿಗೆ ನಾಲ್ಕು ಮೈ, ಫಿಲ್ಮಿಗೆ ಎರಡು: ಒಟ್ಟು ಆರು ಮೈಗಳ ಮೇಲೆ ಧೂಳು ಕೂರಬಹುದು. ಆದುದರಿಂದ ಹತ್ತಿಯ ಕೈಚೀಲ ತೊಟ್ಟು, ರಬ್ಬರಿನ ಊದುಬುರುಡೆಯಿಂದ ಧೂಳನ್ನು ಹಾರಿಸಬೇಕು. ಬಾಯಿಂದ ಊದಿದರೆ ಎಂಜಲ ಹನಿ ಕೂರುತ್ತದೆ. ಫಿಲ್ಮನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು. ಕೊಳ್ಳುವ ಮೊದಲು ಚೌಕಟ್ಟಿನ ದಪ್ಪ ಸ್ಕ್ಯಾನರಿನ ಕಿಂಡಿಗೆ ಹೊಂದುವುದೇ ಎಂದು ನೋಡಿಕೊಳ್ಳುವುದು ಜಾಣತನ. ಸ್ಲೈಡಿಗೊಂದು ಚೌಕಟ್ಟು ಕೊಳ್ಳಬೇಕಾಗಿಲ್ಲ. ಎರಡು ಮೂರು ಇದ್ದರೆ ಅವುಗಳಲ್ಲಿಯೇ ಒಂದಾದ ಮೇಲೊಂದನ್ನು ಇಟ್ಟು ತೆಗೆಯಬಹುದು.

ಎಲ್ಲ ಸ್ಲೈಡಿಗೂ ಈ ಉಪಚಾರ ಬೇಡ. ಮೊದಲು ಇದ್ದಂತೆಯೇ ಸ್ಕ್ಯಾನ್ ಮಾಡಿ ನಡುವನ್ನೂ ನಾಲ್ಕು ಮೂಲೆಗಳನ್ನೂ ಹಿಗ್ಗಿಸಿ ನೋಡಬೇಕು. ಮೂಲೆಗಳು ಸೋತಿದ್ದರೆ ಮಾತ್ರ ಗಾಜು. ತೆಗೆಯುವಾಗಲೇ ಮಸುಕಾಗಿದ್ದ ಚಿತ್ರವನ್ನು ಯಾವ ಗಾಜೂ ತಿದ್ದಲಾರದು.

ಗಾಜಿನಲ್ಲಿಯೇ ಬಿಡಬಾರದು

ಮಂಗಳೂರು, ಕಾರವಾರಗಳ ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ವಾಸಿಸುವವರು ಈ ಮಾತನ್ನು ಮರೆಯಬಾರದು. ಗಾಜುಗಳ ನಡುವೆ ಸಿಕ್ಕಿದ ತೇವ ಹೊರಹೋಗಲು ದಾರಿಯಿರದು. ಬೂಷ್ಟಿಗೆ ಜಿಲೆಟಿನ್ ಮೃಷ್ಟಾನ್ನ. ಒಮ್ಮೆ ಅದು ಬಳ್ಳಿಯಂತೆ ಹಬ್ಬಿ ಬಣ್ಣದ ಪದರವನ್ನು ತಿಂದರೆ ಮರಳಿ ಪಡೆಯುವಂತಿಲ್ಲ. ಒಣಹವೆಯ ದಿನ ನೋಡಿ ಕೆಲಸ ಮಾಡಿ, ಸ್ಕ್ಯಾನ್ ಮುಗಿದೊಡನೆ ಫಿಲ್ಮನ್ನು ತೆಗೆದು, ಸಾದಾ ಚೌಕಟ್ಟಿಗೆ ಸೇರಿಸಿ, ಸಿಲಿಕಾ ಜೆಲ್ಲಿನ ಪೊಟ್ಟಣದೊಡನೆ ಡಬ್ಬಿಯಲ್ಲಿಡುವುದು ಕ್ಷೇಮ.

ಇಷ್ಟೆಲ್ಲ ಶ್ರಮ ಏಕೆಂದು ಕೇಳುವವರುಂಟು. ಮದುವೆಯ ಚಿತ್ರದಲ್ಲಿ ನಡುವೆ ಕುಳಿತವರ ಮುಖ ಬೇರೆ ಹತ್ತು ಚಿತ್ರಗಳಲ್ಲಿ ಸಿಕ್ಕೀತು. ಅಂಚಿನಲ್ಲಿ ನಿಂತವರು ಬಂಡಿ ಕಟ್ಟಿಸಿಕೊಂಡು ದೂರದ ಹಳ್ಳಿಯಿಂದ ಬಂದ ಸೋದರತ್ತೆ, ಮೂರು ದಿನ ಒಲೆಯ ಮುಂದೆ ನಿಂತ ಅಡಿಗೆಯ ಭಟ್ಟರು, ಕರೆದುದಕ್ಕೆ ಸಂಕೋಚದಿಂದ ಬಂದು ನಿಂತ ನೆರೆಮನೆಯ ಹುಡುಗಿ. ಅವರಲ್ಲಿ ಎಷ್ಟೋ ಮಂದಿಗೆ ಜೀವಮಾನದಲ್ಲಿ ತೆಗೆಸಿಕೊಂಡ ಬಣ್ಣದ ಚಿತ್ರ ಅದೊಂದೇ ಇದ್ದೀತು. ಎರಡು ತುಂಡು ಗಾಜು, ಒಂದು ಒಣಹವೆಯ ಮಧ್ಯಾಹ್ನ: ಅವರ ಮುಖವನ್ನು ಮೊಮ್ಮಕ್ಕಳು ಗುರುತು ಹಿಡಿಯುವಂತಾಗಲು ಬೇಕಾದುದು ಇಷ್ಟೇ.