ಎರಡು ಹುಲ್ಲುಗಾವಲುಗಳ ನಡುವಿನ ಪೇಟೆ

ಹೆಬ್ಬೆ ಜಲಪಾತ ನೋಡಲು ಹೊರಟವರಿಗೆ ತರೀಕೆರೆ ಎಂದರೆ ತಿಂಡಿ ತಿಂದು, ಗಾಡಿಗೆ ಪೆಟ್ರೋಲ್ ಹಾಕಿಸಿ ಮುಂದೆ ಹೋಗುವ ಊರು. ಬೆಂಗಳೂರು–ಹೊನ್ನಾವರ ಹೆದ್ದಾರಿಯಿಂದ ಎಡಕ್ಕೆ ತಿರುಗಿ ಲಿಂಗದಹಳ್ಳಿ, ಕಲ್ಲತ್ತಿಗಿರಿ ದಾಟಿದರೆ ಸುಮಾರು 35 ಕಿಲೋಮೀಟರಿಗೆ ಕೆಮ್ಮಣ್ಣುಗುಂಡಿ, ಅಲ್ಲಿಂದ ಜೀಪು ಹತ್ತಿದರೆ ಹೆಬ್ಬೆ. ಸಂಜೆಗೆ ಅದೇ ದಾರಿಯಲ್ಲಿ ವಾಪಸ್ಸು. ಹೀಗೆ ಹೋಗಿ ಬಂದವರು ನೀರು ಬೀಳುವುದನ್ನು ನೋಡಿರುತ್ತಾರೆ. ಆ ನೀರನ್ನು ಹಿಡಿದು ಕೊಟ್ಟ ಸೀಮೆಯನ್ನು ನೋಡಿರುವುದಿಲ್ಲ.

ತರೀಕೆರೆ ಪೇಟೆ ನಿಂತಿರುವುದು ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಅಂಚಿನಲ್ಲಿ. ನೈಋತ್ಯಕ್ಕೆ ಬಾಬಾಬುಡನ್‌ಗಿರಿಯ ಸಾಲು, ಅದರ ನೆತ್ತಿಯ ಮೇಲೆ ಮಂಜು ಕುಡಿದು ಬೆಳೆಯುವ ಹುಲ್ಲು. ಮೂಡಣಕ್ಕೆ ಅಜ್ಜಂಪುರ, ಬೀರೂರು, ಕಡೂರು, ಅಲ್ಲಿ ಅಮೃತ ಮಹಲ್ ಎಂಬ ದನದ ತಳಿಯ ಮೇವಿನ ಕಾವಲುಗಳ ಒಣ ಹುಲ್ಲು. ಒಂದು ಹುಲ್ಲು ನದಿಗೆ ನೀರು ಕೂಡಿಟ್ಟಿತು, ಇನ್ನೊಂದು ರಾಜ್ಯಕ್ಕೆ ಎತ್ತು ಸಾಕಿಕೊಟ್ಟಿತು. ಎರಡರ ನಡುವೆ ಅಡಿಕೆ, ತೆಂಗು, ಸಂತೆ, ರೈಲು ಎಲ್ಲ ಬಂದವು.

ಮೊದಲು ಮೇಲಿನ ಹುಲ್ಲಿನ ಮಾತು. ಬಾಬಾಬುಡನ್ ಬೆಟ್ಟಸಾಲು ಕುದುರೆ ಲಾಳದ ಹಾಗೆ ಬಾಗಿಕೊಂಡಿದೆ. ಲಾಳದ ಒಳಗಿನ ತಗ್ಗೇ ಜಾಗರ ಕಣಿವೆ. ವಾಯವ್ಯಕ್ಕೆ ಅದು ಬಾಯಿ ತೆರೆಯುವ ಕಡೆ ಹೆಬ್ಬೆಗಿರಿ ಇದೆ. ಕಣಿವೆಯ ನೀರೆಲ್ಲ ಸೋಮವಾಹಿನಿಯಾಗಿ ಇದೇ ದಿಕ್ಕಿಗೆ ಹರಿದು ಭದ್ರೆಯನ್ನು ಸೇರುತ್ತದೆ. ಬೆಟ್ಟದ ನೆತ್ತಿಯಲ್ಲಿ ಮರಗಳಿಲ್ಲ. ಕಂಡಷ್ಟು ದೂರ ಹುಲ್ಲು, ಎರಡು ಗುಡ್ಡ ಕೂಡುವ ಮಡಿಲಿನಲ್ಲಿ ಮಾತ್ರ ಕುಳ್ಳು ಮರಗಳ ಒತ್ತಾದ ಶೋಲಾ ಕಾಡು. ಹೊಸದಾಗಿ ನೋಡಿದವರು ಯಾರೋ ಮರ ಕಡಿದು ಬೋಳು ಮಾಡಿದ್ದಾರೆಂದು ತಿಳಿಯುವುದುಂಟು. ಆದರೆ ಇದು ಈ ಎತ್ತರದ ಸಹಜ ರೂಪ. ಬಿರುಗಾಳಿ ಬಡಿಯುವ ತೆಳುಮಣ್ಣಿನ ಇಳಿಜಾರಿನಲ್ಲಿ ಹುಲ್ಲು ಬೇರುಬಿಟ್ಟು ಮಣ್ಣನ್ನು ಕಟ್ಟಿಹಾಕುತ್ತದೆ, ಮಳೆಯ ರಭಸ ಮುರಿಯುತ್ತದೆ. ಹಾಗೆ ಇಂಗಿದ ನೀರನ್ನು ಶೋಲಾದ ಕೊಳೆತ ಎಲೆಯ ದಪ್ಪ ಪದರ ಹಿಡಿದಿಟ್ಟು ಬೇಸಗೆಯವರೆಗೂ ಜಿನುಗಿಸುತ್ತದೆ. 2022ರಲ್ಲಿ ಈ ಗಿರಿಗಳನ್ನು ನೀಲಿಯಾಗಿಸಿ, ಅಷ್ಟೊಂದು ಜನರನ್ನು ಎಳೆದು ತಂದ ಕುರಿಂಜಿ ಹೂವಿನ ನೆಲೆಯೂ ಇದೇ ಹುಲ್ಲುಗಾವಲು.

ಹೆಬ್ಬೆಯಲ್ಲಿ ಬೀಳುವುದು ಹೀಗೆ ಕೂಡಿಟ್ಟ ನೀರು. ಸುಮಾರು 168 ಮೀಟರ್ ಎತ್ತರದಿಂದ ಎರಡು ಹಂತವಾಗಿ ಇಳಿಯುತ್ತದೆ. ಮೇಲಿನದು ದೊಡ್ಡ ಹೆಬ್ಬೆ, ಕೆಳಗಿನದು ಚಿಕ್ಕ ಹೆಬ್ಬೆ. ಕಾಫಿ ತೋಟದ ಒಳಗಿನ ಕಡಿದಾದ ಕಲ್ಲುದಾರಿಯಲ್ಲಿ ಜೀಪು ಕುಲುಕಾಡಿಕೊಂಡು ಇಳಿಯುತ್ತದೆ. ಕೊನೆಯ ತುಂಡು ಕಾಲುದಾರಿ, ನಡುನಡುವೆ ಹಳ್ಳ ದಾಟಬೇಕು. ಮಳೆಗಾಲ ಮುಗಿಯುವವರೆಗೆ ಉಂಬಳಗಳ ಕಾಟವಿದ್ದದ್ದೇ. ಜಲಪಾತದ ಬುಡದಲ್ಲಿ ನಿಂತರೆ ಹನಿ ಎರಚಿ ಐದು ನಿಮಿಷಕ್ಕೆ ಬಟ್ಟೆ ತೊಯ್ದುಹೋಗುತ್ತದೆ. ಈ ಕಾಡು ಭದ್ರಾ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದ್ದರಿಂದ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹೋಗುವಂತಿಲ್ಲ. ಕಾಡಿಗೂ ಜನರಿಗೂ ಇಲ್ಲಿ ದೊಡ್ಡ ಲೆಕ್ಕಾಚಾರವೇ ನಡೆದಿದೆ. 2001–02ರ ಸುಮಾರಿಗೆ ಅಭಯಾರಣ್ಯದೊಳಗಿನ ಹಳ್ಳಿಗಳಿಂದ ನಾನೂರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ ಬಿಟ್ಟು ಹೊರಬಂದವು. ಅವರಲ್ಲಿ ಅನೇಕರು ನೆಲೆ ನಿಂತದ್ದು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ. ದೇಶದಲ್ಲಿ ಅಭಯಾರಣ್ಯಗಳ ಪುನರ್ವಸತಿಯ ಮಾತು ಬಂದಾಗಲೆಲ್ಲ ಭದ್ರಾದ ಹೆಸರು ಮೊದಲ ಸಾಲಿನಲ್ಲಿ ಬರುತ್ತದೆ.

ಬೆಟ್ಟದಿಂದ ಅದಿರೂ ಇಳಿಯಿತು. 1918ರಲ್ಲಿ ಮೈಸೂರು ಸರ್ಕಾರ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಗೆ ಕೈಹಾಕಿದಾಗ ಅದಿರಿಗೆ ನೆಚ್ಚಿದ್ದು ಕೆಮ್ಮಣ್ಣುಗುಂಡಿಯನ್ನು. ಗುಡ್ಡದ ಮೇಲಿಂದ ತಣಿಗೆಬೈಲಿಗೆ ಎಳೆದ ರೋಪ್‌ವೇಯಲ್ಲಿ ತೊಟ್ಟಿಗಳು ಅದಿರು ಹೊತ್ತು ಇಳಿಯುತ್ತಿದ್ದವು. 1923ರಲ್ಲಿ ಕುಲುಮೆ ಹೊತ್ತಿತು. ಅದಕ್ಕೆ ಉರುವಲು ಸುತ್ತಲ ಕಾಡಿನ ಇದ್ದಿಲು. ನಾಲ್ವಡಿ ಕೃಷ್ಣರಾಜ ಒಡೆಯರ್ ಬೇಸಗೆ ಕಳೆಯಲು ಬರುತ್ತಿದ್ದ ಇದೇ ಗಿರಿಧಾಮ 1942ರಲ್ಲಿ ತೋಟಗಾರಿಕೆ ಇಲಾಖೆಗೆ ಸೇರಿತು. ಇಂದು ಅಲ್ಲಿ ಗುಲಾಬಿ ತೋಟವಿದೆ, ಅತಿಥಿಗೃಹಗಳಿವೆ. ಗುಡ್ಡದ ಮಗ್ಗುಲಲ್ಲಿ ಅಗೆದ ಕೆಂಪು ಗಾಯಗಳೂ ಇನ್ನೂ ಕಾಣುತ್ತವೆ.

ಕೆಳಗೆ ತರೀಕೆರೆ ಪಾಳೆಯಗಾರರ ಪಟ್ಟಣ. 1830ರ ನಗರ ದಂಗೆಯಲ್ಲಿ ತರೀಕೆರೆಯ ನಾಯಕರು ರೈತರ ಜೊತೆ ನಿಂತು ಮೈಸೂರು ಅರಸರನ್ನೂ ಬ್ರಿಟಿಷರನ್ನೂ ಎದುರಿಸಿದರು. ಮರುವರ್ಷವೇ ಬ್ರಿಟಿಷರು ರಾಜ್ಯದ ಆಡಳಿತವನ್ನು ಕೈಗೆ ತೆಗೆದುಕೊಳ್ಳಲು ಈ ದಂಗೆ ನೆಪವಾಯಿತು. 1899ರಲ್ಲಿ ಬೀರೂರು–ಶಿವಮೊಗ್ಗ ರೈಲು ಹಾದಿ ತೆರೆದ ಮೇಲೆ ಊರು ಮಲೆನಾಡಿನ ಸರಕಿಗೆ ಬಾಗಿಲಾಯಿತು. ಇಲ್ಲಿಂದ ನರಸಿಂಹರಾಜಪುರದ ಕಡೆಗೆ ಟ್ರಾಮ್ ಎನ್ನುತ್ತಿದ್ದ ಕಿರುಹಳಿಯ ರೈಲೂ ಓಡುತ್ತಿತ್ತು. ಅದು ಹೋಗಿ ಬಹಳ ಕಾಲವಾಯಿತು, ಹಿರಿಯರ ಬಾಯಲ್ಲಿ ಟ್ರಾಮಿನ ಮಾತು ಮಾತ್ರ ಉಳಿದಿದೆ.

ಈಗ ಊರನ್ನು ನಡೆಸುವುದು ಅಡಿಕೆ. ಕೊಯ್ಲಿನ ಕಾಲದಲ್ಲಿ ಸುತ್ತಲ ಯಾವ ಹಳ್ಳಿಗೆ ಹೋದರೂ ಚಪ್ಪರದಡಿ ಸಾಲಾಗಿ ಕೂತು ಸುಲಿಯುವ ಹೆಂಗಸರು ಕಾಣುತ್ತಾರೆ. ಮೆಟ್ಟುಗತ್ತಿಯ ಮೊನೆಗೆ ಹಸಿ ಕಾಯಿ ಒತ್ತಿ, ಒಂದು ತಿರುವಿಗೆ ಸಿಪ್ಪೆ ಬಿಡಿಸಿ, ಒಳಗಿನ ಅಡಿಕೆಯನ್ನು ಬುಟ್ಟಿಗೆ ಎಸೆಯುವ ಕೈ ಮಾತಿನ ನಡುವೆಯೂ ನಿಲ್ಲುವುದಿಲ್ಲ. ಕೂಲಿ ಸುಲಿದ ಅಳತೆಯ ಮೇಲೆ. ಸುಲಿದದ್ದನ್ನು ಹಂಡೆಯಲ್ಲಿ ಚೊಗರು ಹಾಕಿ ಬೇಯಿಸಿ, ಅಂಗಳದಲ್ಲಿ ಹರವಿ ಒಣಗಿಸಿದರೆ ಕೆಂಪಡಿಕೆ. ಮಂಡಿಯಲ್ಲಿ ರಾಶಿ, ಬೆಟ್ಟೆ, ಗೊರಬಲು ಎಂದು ವಿಂಗಡಿಸಿ ಧಾರಣೆ ಕೂಗುತ್ತಾರೆ. ಮನೆ ಕಟ್ಟುವುದು, ಮದುವೆ ನಿಶ್ಚಯಿಸುವುದು, ಸಾಲ ತೀರಿಸುವುದು ಎಲ್ಲವೂ ಆ ದಿನದ ರಾಶಿ ಧಾರಣೆಯ ಮೇಲೆ ನಿಂತಿದೆ.

ಈ ಸಮೃದ್ಧಿ ಹಳೆಯದು ಎನ್ನಲು ಅಮೃತಾಪುರ ಸಾಕ್ಷಿ. ಪೇಟೆಯಿಂದ ಸುಮಾರು ಹತ್ತು ಕಿಲೋಮೀಟರ್ ದೂರದ ಅಮೃತೇಶ್ವರ ದೇವಾಲಯವನ್ನು 1196ರಲ್ಲಿ, ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, ಅಮೃತೇಶ್ವರ ದಂಡನಾಯಕ ಕಟ್ಟಿಸಿದ. ಬೇಲೂರು, ಹಳೇಬೀಡುಗಳಲ್ಲಿ ಗೋಡೆಯ ಮೇಲೆ ದೊಡ್ಡ ವಿಗ್ರಹಗಳನ್ನು ನೋಡಿದ ಕಣ್ಣಿಗೆ ಇಲ್ಲಿ ಬೇರೆಯೇ ಸೊಗಸು. ಸಭಾಮಂಟಪದ ಸುತ್ತಲ ಗಿಡ್ಡ ಗೋಡೆಯಲ್ಲಿ 140 ಪುಟ್ಟ ಫಲಕಗಳು. ದಕ್ಷಿಣದ 70ರಲ್ಲಿ ರಾಮಾಯಣ. ಕಥೆ ಸಾಗುವುದು ಅಪ್ರದಕ್ಷಿಣವಾಗಿ. ಉತ್ತರದಲ್ಲಿ 25 ಫಲಕ ಕೃಷ್ಣನ ಬಾಲ್ಯಕ್ಕೆ, ಮಿಕ್ಕ 45 ಮಹಾಭಾರತಕ್ಕೆ. ಮುಂದೆ ಹೊಯ್ಸಳ ಶಿಲ್ಪಿಗಳಲ್ಲಿ ಹೆಸರಾದ ಮಲ್ಲಿತಮ್ಮ ಇಲ್ಲಿ ಕೆಲಸ ಮಾಡಿದವನು. ಆವರಣದ ಶಾಸನದಲ್ಲಿ ಕವಿಚಕ್ರವರ್ತಿ ಜನ್ನನ ಪದ್ಯಗಳಿವೆ. ಹೆಬ್ಬೆಗೆ ಹೋದ ನೂರು ಜನರಲ್ಲಿ ಹತ್ತು ಜನ ಇತ್ತ ತಿರುಗಿದರೆ ಹೆಚ್ಚು.

ಇನ್ನು ಮೂಡಣದ ಹುಲ್ಲು. ತರೀಕೆರೆಯಿಂದ ಬೇರೆಯಾಗಿ ಸ್ವತಂತ್ರ ತಾಲ್ಲೂಕು ಕೇಂದ್ರವಾಗಿರುವ ಅಜ್ಜಂಪುರದಲ್ಲಿ ಪಶುಪಾಲನಾ ಇಲಾಖೆಯ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆಯೇ ಇದರ ಬೇರು. ಹೈದರಾಲಿ ದಂಡಿನ ಫಿರಂಗಿ ಎಳೆಯಲು ಈ ರಾಸುಗಳನ್ನು ಬಳಸಿದ. ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಚಿದಂಬರಂ ಮುಟ್ಟಿದ್ದು ಇವುಗಳ ಬಲದಿಂದ ಎಂದು ಗೆಜೆಟಿಯರುಗಳು ಬರೆಯುತ್ತವೆ. ಅಮೃತ ಮಹಲ್ ಎಂಬ ಹೆಸರು ಟಿಪ್ಪುವಿನದು. 1860ರಲ್ಲಿ ಖರ್ಚು ಉಳಿಸಲೆಂದು ಬ್ರಿಟಿಷರು ಹಿಂಡುಗಳನ್ನೇ ಮಾರಿಬಿಟ್ಟರು. ಎತ್ತು ಸಿಗದೆ ಪರದಾಡಿದ ಮೇಲೆ 1866ರಲ್ಲಿ ಮತ್ತೆ ಕಟ್ಟಿದರು.

ಈ ರಾಸುಗಳದು ಬೂದು ಮೈ, ಹತ್ತಿರ ಹತ್ತಿರ ಹುಟ್ಟಿ ಹಿಂದಕ್ಕೆ ಬಾಗಿ ಮೇಲೇರಿದ ಚೂಪು ಕೊಂಬು, ಅಪರಿಚಿತರನ್ನು ಕಂಡರೆ ತಲೆಯೆತ್ತಿ ನಿಲ್ಲುವ ಸಿಟ್ಟು. ಹಾಲು ಕಡಿಮೆ, ಕಸುವು ಹೆಚ್ಚು. ಕೊಟ್ಟಿಗೆಯಲ್ಲಿ ಕಟ್ಟಿ ಮೇಯಿಸಿದ್ದರೆ ಈ ಗುಣ ಬರುತ್ತಿರಲಿಲ್ಲ. ಬೇಸಗೆ, ಮಳೆ, ಚಳಿ ಎಂದು ಕಾಲಕ್ಕೊಂದು ಕಾವಲು ವಿಂಗಡಿಸಿ, ಹಿಂಡನ್ನು ಒಂದರಿಂದ ಇನ್ನೊಂದಕ್ಕೆ ನಡೆಸುತ್ತಿದ್ದುದರಿಂದ ಬಂದದ್ದು ಅದು. ಒಂದು ಕಡೆ ಮೇಯುವಾಗ ಇನ್ನೊಂದು ಕಡೆ ಹುಲ್ಲು ಚಿಗುರುತ್ತಿತ್ತು. ಇಂದಿಗೂ ಕೇಂದ್ರದ ಹೋರಿಕರುಗಳ ಹರಾಜಿಗೆ ಹಾವೇರಿ, ದಾವಣಗೆರೆ ಕಡೆಯ ರೈತರು ಬಂದು ಪೈಪೋಟಿಯಲ್ಲಿ ಕೂಗುತ್ತಾರೆ.

ಕಾವಲುಗಳ ಗತಿ ಮಾತ್ರ ಹಾಗಿಲ್ಲ. ಹಳೆಯ ಮೈಸೂರು ಸೀಮೆಯಲ್ಲಿ ನಾಲ್ಕು ಲಕ್ಷ ಎಕರೆಗೂ ಮಿಕ್ಕಿದ್ದ ಈ ನೆಲದಲ್ಲಿ ಉಳಿದಿರುವುದು ಸಣ್ಣ ಪಾಲು. ಸಾಗುವಳಿ, ನಿವೇಶನ, ನೆಡುತೋಪು, ಸರ್ಕಾರದ್ದೇ ಯೋಜನೆಗಳು ಒಂದೊಂದಾಗಿ ಅದನ್ನು ತಿಂದವು. ಮರವಿಲ್ಲದ ನೆಲ ಪಾಳು ನೆಲ ಎಂಬ ಎಣಿಕೆ ನಮ್ಮ ಕಚೇರಿಗಳಲ್ಲಿ ಬಲವಾಗಿದೆ. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದು ಈ ಎಣಿಕೆಗೆ ಸಿಕ್ಕ ಒಳ್ಳೆಯ ಉತ್ತರ. ಅದರ ವಿಸ್ತೀರ್ಣ 736 ಹೆಕ್ಟೇರ್ ಅಷ್ಟೇ. ಮುಂಜಾನೆ ಆ ಒಣ ಹುಲ್ಲಿನ ಮೇಲೆ ಕೃಷ್ಣಮೃಗದ ಹಿಂಡು ನೆಗೆದು ಓಡುವುದನ್ನು ಕಂಡವರು ಅದನ್ನು ಪಾಳು ಎನ್ನಲಾರರು.

ಈಗ ಎರಡು ಹುಲ್ಲನ್ನೂ ನೀರು ಜೋಡಿಸುತ್ತಿದೆ. ಗಿರಿಯ ನೀರನ್ನು ಹಿಡಿದಿಡುವ ಭದ್ರಾ ಅಣೆಕಟ್ಟು ಇರುವುದು ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ. ಭರ್ತಿಯಾದರೆ 186 ಅಡಿ, 71.5 ಟಿಎಂಸಿ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ನೀರನ್ನು ಪಂಪ್‌ಗಳಿಂದ ಮೇಲೆತ್ತಿ, ಅಜ್ಜಂಪುರದ ಬಳಿ ಸುಮಾರು ಏಳು ಕಿಲೋಮೀಟರ್ ಸುರಂಗದ ಮೂಲಕ ಚಿತ್ರದುರ್ಗ, ತುಮಕೂರಿನ ಒಣ ತಾಲ್ಲೂಕುಗಳಿಗೆ ಹರಿಸುವ ಕೆಲಸ ನಡೆದಿದೆ. ನೀರಿನ ಪಾಲಿನ ಬಗ್ಗೆ ಎಲ್ಲ ಜಿಲ್ಲೆಗಳೂ ದನಿ ಎತ್ತುತ್ತವೆ. ಆ ನೀರನ್ನು ಮೊದಲು ಹಿಡಿಯುವ ಗಿರಿಯ ಹುಲ್ಲಿನ ಬಗ್ಗೆ, ಅಲ್ಲಿ ಜೀಪು ಉತ್ತ ಗಾಯಗಳ ಬಗ್ಗೆ, ರಾಶಿ ಬೀಳುವ ಪ್ಲಾಸ್ಟಿಕ್ ಬಗ್ಗೆ ಅಷ್ಟು ದೊಡ್ಡ ದನಿ ಕೇಳಿಸುವುದಿಲ್ಲ.

ಹೋಗುವವರಿಗೆ ಇಷ್ಟು ಸಾಕು: ಬೆಂಗಳೂರು–ಶಿವಮೊಗ್ಗ ರೈಲು ತರೀಕೆರೆಯಲ್ಲಿ ನಿಲ್ಲುತ್ತದೆ, ಮಳೆ ಕಡಿಮೆಯಾದ ಸೆಪ್ಟೆಂಬರ್ ಕೊನೆಯಿಂದ ಜನವರಿವರೆಗೆ ಒಳ್ಳೆಯ ಕಾಲ, ಕೆಮ್ಮಣ್ಣುಗುಂಡಿಯಲ್ಲಿ ಉಳಿಯಲು ತೋಟಗಾರಿಕೆ ಇಲಾಖೆಯಲ್ಲಿ ಮೊದಲೇ ಕಾಯ್ದಿರಿಸಬೇಕು. ಒಂದು ದಿನ ಗಿರಿಗೆ, ಒಂದು ದಿನ ಅಮೃತಾಪುರ, ಅಜ್ಜಂಪುರಕ್ಕೆ ಎಂದು ಇಟ್ಟುಕೊಳ್ಳಿ. ಹುಲ್ಲಿನ ಮೇಲೆ ಗಾಡಿ ಹತ್ತಿಸಬೇಡಿ, ಒಯ್ದ ಬಾಟಲಿಯನ್ನು ವಾಪಸ್ಸು ತನ್ನಿ, ಊಟವನ್ನು ತರೀಕೆರೆಯ ಪೇಟೆಯಲ್ಲೇ ಮಾಡಿ. ನೀವು ಖರ್ಚು ಮಾಡುವ ದುಡ್ಡಿನಲ್ಲಿ ಸ್ವಲ್ಪವಾದರೂ ಬೆಟ್ಟದ ಬುಡದ ಜನಕ್ಕೆ ಸೇರಲಿ.