ಒಂದು ಅರ್ಥಕ್ಕೆ ಒಂದೇ ಪದ

ಕಾವ್ಯಕ್ಕೆ ಪರ್ಯಾಯಪದಗಳು ಭೂಷಣ. ಶಾಸ್ತ್ರಕ್ಕೆ ಅವೇ ತೊಡಕು. 1993ರಲ್ಲಿ ಆರಂಭವಾದ ಡೆಬಿಯನ್ ಯೋಜನೆಯಲ್ಲಿ ಇದನ್ನು ನಾವು ಸ್ಪಷ್ಟವಾಗಿ ಕಾಣಬಹುದು. ನಾನಾ ದೇಶಗಳ ಸ್ವಯಂಸೇವಕರು ಗಣಕದ ತಂತ್ರಾಂಶಗಳನ್ನು ‘ಪ್ಯಾಕೇಜು’ಗಳಾಗಿ ಕಟ್ಟಿ ಇಲ್ಲಿ ಹಂಚುತ್ತಾರೆ. ಅವರ ಇಂಗ್ಲಿಷ್ ನಿಯಮಗ್ರಂಥದಲ್ಲಿ ‘ಮಸ್ಟ್’ ಎಂದರೆ ಕಡ್ಡಾಯ. ಅದನ್ನು ಮೀರಿದ ಪ್ಯಾಕೇಜು ಸಾಮಾನ್ಯವಾಗಿ ಮುಖ್ಯ ಸಂಗ್ರಹಕ್ಕೆ ಅನರ್ಹ. ‘ಶುಡ್’ ಎಂದುದನ್ನು ಮೀರಿದರೆ ದೋಷವುಂಟು, ಅಷ್ಟರಿಂದಲೇ ಬಹಿಷ್ಕಾರವಿಲ್ಲ. ಸೊಗಸಿಗೆಂದು ಒಂದರ ಬದಲು ಇನ್ನೊಂದನ್ನು ಬರೆದರೆ ನಿಯಮವೇ ಬದಲಾಗುತ್ತದೆ.

ಕಾಗುಣಿತದ ಮಾತೂ ಹಾಗೆಯೇ. ಪ್ಯಾಕೇಜಿನ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಕೈಪಿಡಿಯನ್ನು ನಂಬಿ ಆಜ್ಞೆಯಿತ್ತವನಿಗೆ ಬೇಕಾದುದು ದೊರೆಯದು. ಮನುಷ್ಯನು ಊಹಿಸಿ ಓದಿಯಾನು, ಯಂತ್ರವು ಊಹಿಸದು. ‘ಲಿಂಟಿಯನ್’ ಎಂಬ ಪರೀಕ್ಷಕ ತಂತ್ರಾಂಶವು ಸಾಮಾನ್ಯ ಕಾಗುಣಿತದೋಷಗಳನ್ನು ಹುಡುಕಿಕೊಡುತ್ತದೆ. ಆದರೆ ‘ಮಸ್ಟ್’ ಇರಬೇಕಾದೆಡೆ ‘ಶುಡ್’ ಬಂದುದನ್ನು ಬರೆಯುವವರೇ ಎಚ್ಚರದಿಂದ ಕಾಣಬೇಕು.