ಮುಟ್ಟು ನಿಲ್ಲುವ ಮುನ್ನ ಕಾಡುವ ಖಿನ್ನತೆ: ಹಾರ್ಮೋನ್ ಚಿಕಿತ್ಸೆ ಯಾರಿಗೆ?

ನಲವತ್ತೈದರ ಆಸುಪಾಸಿನ ಮಹಿಳೆಗೆ ಸುಮ್ಮಸುಮ್ಮನೆ ಅಳು ಬರುತ್ತದೆ, ರಾತ್ರಿ ಮೈ ಬೆವರಿ ಎಚ್ಚರವಾಗುತ್ತದೆ, ಯಾವುದರಲ್ಲೂ ಆಸಕ್ತಿ ಇರುವುದಿಲ್ಲ. ವಯಸ್ಸಾಯಿತಲ್ಲ ಎಂದು ಮನೆಯವರು ಸುಮ್ಮನಾಗುತ್ತಾರೆ. ಮುಟ್ಟು ಏರುಪೇರಾಗಿದೆಯೇ ಎಂದು ಎಷ್ಟೋ ಸಲ ಯಾರೂ ಕೇಳುವುದೇ ಇಲ್ಲ.

ಮುಟ್ಟು ಪೂರ್ತಿ ನಿಲ್ಲುವ ಮೊದಲಿನ ಕೆಲವು ವರ್ಷಗಳಲ್ಲಿ ಈಸ್ಟ್ರೋಜೆನ್ ಮಟ್ಟ ಒಂದೇ ಸಮನೆ ಇಳಿಯುವುದಿಲ್ಲ. ಒಮ್ಮೆ ಏರುತ್ತದೆ, ಮತ್ತೊಮ್ಮೆ ದಿಢೀರ್ ಕುಸಿಯುತ್ತದೆ. ಮನಸ್ಸಿನ ಸ್ಥಿತಿಗೆ ಸಂಬಂಧಿಸಿದ ಸೆರೊಟೋನಿನ್ ಮೇಲೂ ಈ ಹಾರ್ಮೋನಿನ ಪ್ರಭಾವವಿದೆ. ಹೆಚ್ಚಿನವರು ಈ ಏರಿಳಿತವನ್ನು ದಾಟಿಬಿಡುತ್ತಾರೆ. ಹಿಂದೆ ಖಿನ್ನತೆ ಬಂದಿದ್ದವರಿಗೆ ಅಪಾಯ ಹೆಚ್ಚು.

ಹಾಗಾದರೆ ಈಸ್ಟ್ರೋಜೆನ್ ಕೊಟ್ಟರೆ ಖಿನ್ನತೆ ಹೋಗುತ್ತದೆಯೇ? 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಈ ಹಂತದಲ್ಲಿದ್ದ 50 ಮಹಿಳೆಯರ ಪೈಕಿ ಅರ್ಧದಷ್ಟು ಜನರಿಗೆ ಚರ್ಮಕ್ಕೆ ಅಂಟಿಸುವ ಈಸ್ಟ್ರೋಜೆನ್ ಪ್ಯಾಚ್, ಉಳಿದವರಿಗೆ ಔಷಧವಿಲ್ಲದ ಪ್ಯಾಚ್ ನೀಡಲಾಗಿತ್ತು. 12 ವಾರಗಳಲ್ಲಿ ಮೊದಲ ಗುಂಪಿನ ಶೇ. 68ರಷ್ಟು ಮಂದಿ ಖಿನ್ನತೆಯಿಂದ ಹೊರಬಂದರು, ಎರಡನೆಯದರಲ್ಲಿ ಶೇ. 20. ಫಲಿತಾಂಶ ದೊಡ್ಡದು, ಅಧ್ಯಯನ ಮಾತ್ರ ಚಿಕ್ಕದು. ಮುಟ್ಟು ನಿಂತು ವರ್ಷಗಳಾದ ಮಹಿಳೆಯರಲ್ಲಿ ನಡೆದ 2004ರ ಅಧ್ಯಯನದಲ್ಲಿ ಈ ಲಾಭ ಕಾಣಲಿಲ್ಲ. ಅಂದರೆ ಇಲ್ಲಿ ಮುಖ್ಯವಾಗುವುದು ಚಿಕಿತ್ಸೆಯ ಸಮಯ.

ಇಷ್ಟಾದರೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಖಿನ್ನತೆಯ ಚಿಕಿತ್ಸೆಗೆಂದು ಈಸ್ಟ್ರೋಜೆನ್‌ಗೆ ಒಪ್ಪಿಗೆ ನೀಡಿಲ್ಲ. ತೀವ್ರ ಖಿನ್ನತೆಗೆ ಖಿನ್ನತೆ ನಿವಾರಕ ಮಾತ್ರೆ ಮತ್ತು ಆಪ್ತಸಮಾಲೋಚನೆಯೇ ಮೊದಲ ಆಯ್ಕೆ. ಮೈ ಬಿಸಿಯೇರುವುದು, ರಾತ್ರಿ ಬೆವರುವುದು ಜೊತೆಗಿದ್ದರೆ ಹಾರ್ಮೋನ್ ಹೆಚ್ಚು ಉಪಯೋಗಕ್ಕೆ ಬರುತ್ತದೆ; ಕೆಲವರಿಗೆ ಎರಡನ್ನೂ ಒಟ್ಟಿಗೆ ಕೊಡುವುದುಂಟು.

ಗರ್ಭಕೋಶ ಇರುವವರಿಗೆ ಈಸ್ಟ್ರೋಜೆನ್ ಒಂದನ್ನೇ ಕೊಡುವಂತಿಲ್ಲ. ಗರ್ಭಕೋಶದ ಒಳಪದರ ಬೆಳೆದು ಕ್ಯಾನ್ಸರ್‌ಗೆ ದಾರಿಯಾಗಬಹುದು. ಆದ್ದರಿಂದ ಪ್ರೊಜೆಸ್ಟರಾನ್ ಸೇರಿಸಬೇಕು. ಇದರಿಂದ ಕೆಲವರ ಮನಸ್ಸು ಮತ್ತೆ ಕುಗ್ಗುವುದೂ ಇದೆ, ಅದನ್ನು ವೈದ್ಯರಿಗೆ ತಿಳಿಸಬೇಕು. ಸ್ತನ ಕ್ಯಾನ್ಸರ್, ಪಾರ್ಶ್ವವಾಯು ಆಗಿದ್ದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಸಾಮಾನ್ಯವಾಗಿ ಈ ಚಿಕಿತ್ಸೆ ಇಲ್ಲ. ಇನ್ನೊಂದು ಮಾತು, ಇದು ಗರ್ಭನಿರೋಧಕವಲ್ಲ.

ವೈದ್ಯರ ಬಳಿ ಹೋಗುವಾಗ ಕಳೆದ ಕೆಲವು ತಿಂಗಳ ಮುಟ್ಟಿನ ದಿನಾಂಕ, ನಿದ್ದೆ, ಮನಸ್ಸು ಕುಗ್ಗಿದ ದಿನಗಳನ್ನು ಬರೆದುಕೊಂಡು ಹೋಗುವುದು ಒಳ್ಳೆಯದು. ಥೈರಾಯ್ಡ್ ಪರೀಕ್ಷೆಯೂ ಆಗಲಿ, ಅದರ ತೊಂದರೆಯೂ ಹೀಗೆಯೇ ಕಾಣಿಸುತ್ತದೆ. ಸಾಯಬೇಕೆನಿಸುವ ಯೋಚನೆ ಬಂದರೆ ಮಾತ್ರ ಕಾಯಬಾರದು. ಕೇಂದ್ರ ಸರ್ಕಾರದ ಉಚಿತ ಟೆಲಿ ಮನಸ್ ಸಹಾಯವಾಣಿ 14416 ದಿನವಿಡೀ ಲಭ್ಯ. ಅಲ್ಲಿ ಕನ್ನಡದಲ್ಲೂ ಮಾತನಾಡಬಹುದು.